ಕಲ್ಲನ್ನು ಕೇಳುತ್ತ: ಹರಿಹರದಿಂದ ಸಂತೆಬೆನ್ನೂರಿಗೆ

ದಾವಣಗೆರೆಗೆ ಬಂದ ನೆಂಟರು ಎರಡನೆಯ ದಿನಕ್ಕೆ ಕೇಳುವ ಪ್ರಶ್ನೆ ಒಂದೇ: ‘ನಿಮ್ಮೂರಲ್ಲಿ ನೋಡೋಕೆ ಏನಿದೆ?’ ನಮ್ಮವರು ಸ್ವಲ್ಪ ಸಂಕೋಚದಿಂದಲೇ ಉತ್ತರಿಸುತ್ತಾರೆ. ಬೆಣ್ಣೆದೋಸೆ ತಿನ್ನಿಸುತ್ತಾರೆ, ನರ್ಗಿಸ್ ಮಂಡಕ್ಕಿ ಕಟ್ಟಿಸಿಕೊಡುತ್ತಾರೆ, ಸಂಜೆ ಗಾಜಿನ ಮನೆಗೆ ಕರೆದುಕೊಂಡು ಹೋಗುತ್ತಾರೆ. ಅಲ್ಲಿಗೆ ಪಟ್ಟಿ ಮುಗಿಯಿತು. ಹೆಚ್ಚು ಕೇಳಿದರೆ ‘ಹಂಪಿಗೆ ಹೋಗಿಬನ್ನಿ, ಮೂರು ತಾಸಿನ ದಾರಿ’ ಎಂದು ಬಸ್ಸು ಹತ್ತಿಸುವವರೂ ಇದ್ದಾರೆ. ಊರಿನ ಬಗ್ಗೆ ಅಭಿಮಾನ ಇಲ್ಲವೆಂದಲ್ಲ. ನೋಡುವುದು ಎಂದರೆ ದೊಡ್ಡದನ್ನು ನೋಡುವುದು, ಹೆಸರು ಮಾಡಿದ್ದನ್ನು ನೋಡುವುದು ಎಂಬ ತಿಳಿವಳಿಕೆ ನಮ್ಮಲ್ಲಿ ಬೇರೂರಿದೆ.

ಬೇರೆ ರೀತಿಯಲ್ಲಿ ನೋಡಿದ ಒಬ್ಬನ ಕಥೆ ಫ್ರಾನ್ಸಿನಲ್ಲಿದೆ. 1751ರಲ್ಲಿ ಗೆತ್ತಾರ್ ಎಂಬ ಪ್ರಕೃತಿ ವಿಜ್ಞಾನಿ ಆ ದೇಶದ ನಡುಭಾಗದಲ್ಲಿ ಪ್ರಯಾಣ ಮಾಡುತ್ತಿದ್ದ. ಮೂಲಾಂ ಎಂಬ ಪಟ್ಟಣದಲ್ಲಿ ಕಟ್ಟಡಕ್ಕೆ ಬಳಸಿದ್ದ ಒಂದು ಕಪ್ಪು ಕಲ್ಲು ಅವನ ಕಣ್ಣಿಗೆ ಬಿತ್ತು. ಇಟಲಿಯ ವೆಸೂವಿಯಸ್ ಬೆಟ್ಟದ ಲಾವಾ ಕಲ್ಲಿನ ತುಣುಕುಗಳನ್ನು ಅವನು ಮೊದಲೇ ನೋಡಿದ್ದ. ಇದೂ ಹಾಗೇ ಇತ್ತು. ಎಲ್ಲಿಂದ ತಂದದ್ದು ಎಂದು ವಿಚಾರಿಸಿದ. ವೋಲ್ವಿಕ್ ಎಂಬ ಹಳ್ಳಿಯ ಗಣಿಯಿಂದ ಎಂದರು. ಆ ದಾರಿ ಹಿಡಿದು ಹೋದವನಿಗೆ ಓವೆರ್ನ್ ಪ್ರಾಂತ್ಯದ ಬೆಟ್ಟಗಳ ಸಾಲು ಎದುರಾಯಿತು. ಅವೆಲ್ಲ ಆರಿಹೋದ ಜ್ವಾಲಾಮುಖಿಗಳು! ಸಾವಿರಾರು ವರ್ಷಗಳಿಂದ ಅದೇ ಬೆಟ್ಟದ ಬುಡದಲ್ಲಿ ಕುರಿ ಮೇಯಿಸಿ, ಅದೇ ಕಲ್ಲಿನಲ್ಲಿ ಮನೆ ಕಟ್ಟಿಕೊಂಡವರಿಗೆ ಅದು ಗೊತ್ತಿರಲಿಲ್ಲ. ಮರುವರ್ಷ ಪ್ಯಾರಿಸಿನ ವಿದ್ವಾಂಸರ ಮುಂದೆ ಇದನ್ನು ಮಂಡಿಸಿದಾಗ ಹಲವರು ನಂಬಲೂ ಇಲ್ಲ.

ಆ ಪ್ರಾಂತ್ಯ ಇಂದು ಪ್ರವಾಸಿಗರ ತಾಣ. ಸುಮಾರು 80 ಜ್ವಾಲಾಮುಖಿಗಳ ಆ ಸಾಲನ್ನು 2018ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಹಸಿರು ಹುಲ್ಲುಗಾವಲು, ಚಿಕ್ಕ ಚಿಕ್ಕ ಹಳ್ಳಿಗಳು, ಕಪ್ಪು ಕಲ್ಲಿನ ಚರ್ಚುಗಳು. ಮುಸ್ಲಿಂ ಓದುಗರಿಗೆ ಆ ನೆಲದ ಇನ್ನೊಂದು ಗುರುತೂ ಇದೆ. ಓವೆರ್ನಿನ ಮುಖ್ಯ ಪಟ್ಟಣ ಕ್ಲೆರ್ಮಾಂ. 1095ರ ನವೆಂಬರ್ 27ರಂದು ಪೋಪ್ ಎರಡನೆಯ ಅರ್ಬನ್ ಜೆರುಸಲೇಮಿನ ಮೇಲೆ ದಂಡೆತ್ತಿ ಹೋಗಲು ಕರೆ ಕೊಟ್ಟದ್ದು ಅಲ್ಲಿಯೇ. ಮೊದಲ ಕ್ರುಸೇಡಿಗೆ ಪೋಪನ ಪ್ರತಿನಿಧಿಯಾಗಿ ಹೊರಟವನು ಅಧೆಮಾರ್, ಪಕ್ಕದ ಲೆ ಪುಯಿ ಎಂಬ ಊರಿನ ಬಿಷಪ್. ಲೆ ಪುಯಿ ಕೂಡ ಜ್ವಾಲಾಮುಖಿಯ ಊರು. ಅಲ್ಲಿ ಲಾವಾದ ಒಂದು ಕಡಿದಾದ ಕಂಬದ ನೆತ್ತಿಯಲ್ಲಿ ಹತ್ತನೆಯ ಶತಮಾನದ ಗುಡಿಯೊಂದಿದೆ, 268 ಮೆಟ್ಟಿಲು ಹತ್ತಿ ಹೋಗಬೇಕು. ಆ ಊರಿನ ದೊಡ್ಡ ಚರ್ಚಿನಲ್ಲಿ ಹನ್ನೆರಡನೆಯ ಶತಮಾನದ ಮರದ ಬಾಗಿಲುಗಳಿವೆ. ಅವುಗಳ ಅಂಚಿನಲ್ಲಿ ಬೈಬಲಿನ ಚಿತ್ರಗಳ ಸುತ್ತ ಕೆತ್ತಿರುವುದು ಅರಬ್ಬೀ ಕೂಫೀ ಅಕ್ಷರಗಳ ಮಾದರಿಯ ಬಳ್ಳಿ. ‘ಮಾಶಾ ಅಲ್ಲಾಹ್’ ಎಂದು ಅದನ್ನು ಓದಿದವರಿದ್ದಾರೆ. ಕೆತ್ತಿದ ಬಡಗಿಗೆ ಅರ್ಥ ಗೊತ್ತಿರಲಿಕ್ಕಿಲ್ಲ. ಸ್ಪೇನಿನ ಕಡೆಯಿಂದ ಬಂದ ರೇಷ್ಮೆ ಬಟ್ಟೆಯಲ್ಲೋ ಪೆಟ್ಟಿಗೆಯ ಮೇಲೋ ಕಂಡ ಚೆಂದದ ಅಕ್ಷರವನ್ನು ಚೆಂದಕ್ಕಾಗಿ ಕೆತ್ತಿರಬಹುದು. ಆದರೂ ನೋಡಿ, ಕ್ರುಸೇಡಿಗೆ ನಾಯಕನನ್ನು ಕೊಟ್ಟ ಊರಿನ ದೇವಮಂದಿರದ ಬಾಗಿಲಲ್ಲೇ ಅಲ್ಲಾಹನ ಹೆಸರು. ಅದನ್ನು ಅವರು ಕಿತ್ತು ಬಿಸಾಡಿಲ್ಲ, ಮುಚ್ಚಿಟ್ಟೂ ಇಲ್ಲ.

ಇಷ್ಟು ದೂರದ ಕಥೆ ಯಾಕೆಂದರೆ, ನಮ್ಮದೂ ಜ್ವಾಲಾಮುಖಿಯ ನೆಲವೇ. ಹೀಗೆಂದರೆ ದಾವಣಗೆರೆಯವರು ನಗುತ್ತಾರೆ. ಆದರೆ ಚಿತ್ರದುರ್ಗ ದಾಟಿ ಹಿರಿಯೂರಿನ ಕಡೆ ಹೋಗುವಾಗ ಐಮಂಗಲದ ಹತ್ತಿರ ಮರಡಿಹಳ್ಳಿ ಎಂಬ ಹಳ್ಳಿಯಿದೆ. ಅಲ್ಲಿನ ಗುಡ್ಡದಲ್ಲಿ ದಿಂಬುಗಳನ್ನು ಒಂದರ ಮೇಲೊಂದು ಪೇರಿಸಿಟ್ಟಂತೆ ಕಾಣುವ ಹಸಿರುಗಪ್ಪು ಬಂಡೆಗಳಿವೆ. ಸಮುದ್ರದ ತಳದಲ್ಲಿ ಉಕ್ಕಿದ ಲಾವಾ ನೀರು ತಾಗಿದ ಕೂಡಲೇ ಮೇಲ್ಮೈ ಹೆಪ್ಪುಗಟ್ಟಿ, ಒಳಗಿನದು ಚೀಲದಂತೆ ಉಬ್ಬಿ, ಒಂದರ ಮೇಲೊಂದು ಕುಳಿತಾಗ ಆಗುವ ಆಕಾರ ಅದು. ವಯಸ್ಸು ಸುಮಾರು 250 ಕೋಟಿ ವರ್ಷ. ಓವೆರ್ನಿನ ಆ ಬೆಟ್ಟಸಾಲು ಒಂದು ಲಕ್ಷ ವರ್ಷದೊಳಗಿನದು. ಇದರ ಮುಂದೆ ನಿನ್ನೆ ಹುಟ್ಟಿದ ಕೂಸು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಮರಡಿಹಳ್ಳಿಯನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಹೆದ್ದಾರಿಯಲ್ಲಿ ಬೆಂಗಳೂರಿಗೆ ಓಡುವ ನಮ್ಮ ಬಸ್ಸುಗಳು ಅದಕ್ಕಾಗಿ ನಿಲ್ಲುವುದಿಲ್ಲ. ಗದಗದಿಂದ ಚಿತ್ರದುರ್ಗದ ಮೇಲೆ ಶ್ರೀರಂಗಪಟ್ಟಣದ ತನಕ ಹಬ್ಬಿರುವ ಆ ಪುರಾತನ ಶಿಲಾಪಟ್ಟಿ ನಮ್ಮ ಕಾಲಡಿಯ ಚರಿತ್ರೆಯ ಮೊದಲ ಪುಟ.

ಹರಿಹರದ ಹರಿಹರೇಶ್ವರ ದೇವಾಲಯಕ್ಕೆ ಹೋಗುವವರು ಮಂಟಪದ ಕಂಬದ ಮೇಲೊಮ್ಮೆ ಕೈಯಾಡಿಸಬೇಕು. ಹೊಳೆಯುವ, ಗುಂಡಗೆ ಕಡೆದ ಕಂಬ. ಕಲ್ಲು ಬಳಪದ ಕಲ್ಲು. ಉರ್ದು ಶಾಲೆಯಲ್ಲಿ ಅಲಿಫ್ ಬೇ ತಿದ್ದಿದ್ದೂ ಕನ್ನಡ ಶಾಲೆಯಲ್ಲಿ ಅ ಆ ತಿದ್ದಿದ್ದೂ ನಾವು ಇದೇ ಜಾತಿಯ ಕಲ್ಲಿನಿಂದ. ಸ್ಲೇಟಿನ ಮೇಲೆ ಬರೆಯುತ್ತಿದ್ದ ಬಳಪ. ಮೆಗ್ನೀಷಿಯಂ ಹೆಚ್ಚಾಗಿರುವ ಹಳೆಯ ಅಗ್ನಿಶಿಲೆ ನೆಲದೊಳಗಿನ ಬಿಸಿಗೆ, ಒತ್ತಡಕ್ಕೆ, ನೀರಿಗೆ ಸಿಕ್ಕಿ ಮಾರ್ಪಟ್ಟು ಈ ಮೆತ್ತನೆಯ ಕಲ್ಲಾಗುತ್ತದೆ. ಉಗುರಿನಿಂದ ಗೀರಿದರೂ ಗೆರೆ ಬೀಳುವಷ್ಟು ಮೆದು. ಚಾಳುಕ್ಯ ಹೊಯ್ಸಳ ಶಿಲ್ಪಿಗಳ ಸೂಕ್ಷ್ಮ ಕೆತ್ತನೆಯ ಗುಟ್ಟು ಅವರ ಕೈಯಲ್ಲಿ ಎಷ್ಟಿತ್ತೋ ಅಷ್ಟೇ ಈ ಕಲ್ಲಿನಲ್ಲೂ ಇತ್ತು. ಕಂಬಗಳನ್ನು ಚರಕಿಗೆ ಕಟ್ಟಿ ತಿರುಗಿಸಿ ಕಡೆದದ್ದರಿಂದ ಆ ದುಂಡು ಬಂದಿದೆ. ಕಾಕತಾಳೀಯವೋ ಏನೋ, 1941ರಲ್ಲಿ ಇದೇ ಊರಿನಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಶುರುವಾಗಿ, ಹರಿಹರದ ಲೇತ್ ಯಂತ್ರಗಳು ದೇಶದ ಮೂಲೆಮೂಲೆಯ ವರ್ಕ್‌ಶಾಪುಗಳಿಗೆ ಹೋದವು. ಹೊಸ ಶತಮಾನದ ಆರಂಭದಲ್ಲಿ ಆ ಕಾರ್ಖಾನೆ ಮುಚ್ಚಿತು. ಯಂತ್ರಪುರ ಎಂಬ ಬಡಾವಣೆಯ ಹೆಸರು ಉಳಿದಿದೆ.

ದೇವಾಲಯ ಕಟ್ಟಿಸಿದವನು ಪೋಲಾಳ್ವ ದಂಡನಾಥ, ಹೊಯ್ಸಳ ಎರಡನೆಯ ನರಸಿಂಹನ ಮಂತ್ರಿ, 1223-24ರಲ್ಲಿ. ನಂತರ 1268ರಲ್ಲಿ ಸೋಮ ದಂಡನಾಯಕ, ಅಂದರೆ ಸೋಮನಾಥಪುರ ಕಟ್ಟಿಸಿದವನೇ, ಇದಕ್ಕೆ ಇನ್ನಷ್ಟು ಸೇರಿಸಿದ. ಮೂರ್ತಿಯ ಅರ್ಧ ಶಿವ, ಅರ್ಧ ವಿಷ್ಣು. ಶೈವರೂ ವೈಷ್ಣವರೂ ಜಗಳವಾಡುತ್ತಿದ್ದ ಕಾಲದಲ್ಲಿ ಇಬ್ಬರನ್ನೂ ಒಂದೇ ಕಲ್ಲಿನಲ್ಲಿ ನಿಲ್ಲಿಸಿದ ಬುದ್ಧಿ ಯಾರದೋ, ದೊಡ್ಡದು. ಇದನ್ನು ಎಲ್ಲ ಪುಸ್ತಕಗಳೂ ಹೇಳುತ್ತವೆ. ಕಡಿಮೆ ಹೇಳುವ ಸಂಗತಿ ಇನ್ನೊಂದಿದೆ.

ವಿಜಯನಗರ ಬಿದ್ದ ಮೇಲೆ ಹರಿಹರ ತರೀಕೆರೆ ಪಾಳೆಯಗಾರರ ಕೈಗೆ ಬಂತು. ಕೋಟೆ ಕಟ್ಟಿದವರು ಅವರು. ಅವರಿಂದ ಸವಣೂರಿನ ನವಾಬನಿಗೆ, ನವಾಬನಿಂದ ಜಹಗೀರಾಗಿ ಶೇರ್ ಖಾನ್ ಎಂಬವನಿಗೆ. ಹತ್ತೊಂಬತ್ತನೆಯ ಶತಮಾನದ ಮೈಸೂರು ಗೆಜೆಟಿಯರಿನಲ್ಲಿ ಬಿ.ಎಲ್. ರೈಸ್ ದಾಖಲಿಸಿರುವ ಪ್ರಕಾರ, ಶೇರ್ ಖಾನನ ಕಾಲದಲ್ಲಿ ದೇವಾಲಯಕ್ಕೆ ಕೈ ಹಚ್ಚಲಿಲ್ಲ. ಆದರೆ ಅದರ ಮಾಳಿಗೆಯನ್ನು ಮುಸಲ್ಮಾನರ ಪ್ರಾರ್ಥನೆಗೆ ಬಳಸಿದರು. ಮೂರ್ತಿಯ ತಲೆಯ ನೇರಕ್ಕೆ, ಗರ್ಭಗುಡಿಯ ಮೇಲೆ, ಕಮಾನಿನ ಒಂದು ಚಿಕ್ಕ ಬಾಗಿಲು ಮಾಡಿ ಅದನ್ನೇ ಮಿಂಬರಾಗಿಸಿಕೊಂಡರು. ಕೆಳಗೆ ಹರಿಹರ, ಮೇಲೆ ಖುತ್ಬಾ.

ಸೌಹಾರ್ದದ ಭಾಷಣ ಮಾಡುವವರು ಇದನ್ನು ಕೇಳಿದರೆ ‘ನೋಡಿ, ಎಂಥ ಸಾಮರಸ್ಯ!’ ಎನ್ನುತ್ತಾರೆ. ದ್ವೇಷದ ಭಾಷಣ ಮಾಡುವವರು ‘ನೋಡಿ, ಎಂಥ ಅವಮಾನ!’ ಎನ್ನುತ್ತಾರೆ. ನನಗೆ ಎರಡೂ ಪೂರ್ತಿ ಒಪ್ಪಿಗೆಯಿಲ್ಲ. ಒಬ್ಬರ ದೇವರ ನೆತ್ತಿಯ ಮೇಲೆ ನಿಂತು ಇನ್ನೊಬ್ಬರು ಪ್ರಾರ್ಥಿಸುವುದು ವಿನಯದ ನಡತೆಯಲ್ಲ. ಅದರಲ್ಲಿ ಜಹಗೀರುದಾರನ ದರ್ಪವಿದೆ. ಆದರೆ ಒಡೆಯುವ ಅಧಿಕಾರ ಕೈಯಲ್ಲಿದ್ದೂ ಒಡೆಯಲಿಲ್ಲ ಎಂಬುದೂ ಅಷ್ಟೇ ನಿಜ. ಆಮೇಲೆ ಊರನ್ನು ಬಿದನೂರಿನ ಅರಸರಿಗೆ ಮಾರಿದರಂತೆ, ಒಂದು ಲಕ್ಷ ರೂಪಾಯಿಗೆ! 1763ರಲ್ಲಿ ಹೈದರ್ ಅಲಿ ಅದನ್ನು ಗೆದ್ದ. ಅನಂತರ ಮೂರು ಸಲ ಮರಾಠರ ವಶವಾಯಿತು. ಇಷ್ಟೆಲ್ಲ ಕೈ ಬದಲಾದರೂ ಮೂರ್ತಿ ಅಲ್ಲೇ ನಿಂತಿದೆ. ಗರ್ಭಗುಡಿಯ ಮೇಲಿನ ಮೂಲ ಶಿಖರ ಮಾತ್ರ ಉಳಿದಿಲ್ಲ. ಈಗಿರುವುದು ಇಟ್ಟಿಗೆ ಗಾರೆಯದು.

ಹೊಳೆಗೆ ಇಳಿದರೆ ತುಂಗಭದ್ರೆ. 1868ರಲ್ಲಿ ಮುಗಿದ ಕಲ್ಲು ಇಟ್ಟಿಗೆಯ ಸೇತುವೆಗೆ 60 ಅಡಿ ಅಗಲದ 14 ಕಮಾನುಗಳು, ಆ ಕಾಲಕ್ಕೆ ಸುಮಾರು ಮೂರೂವರೆ ಲಕ್ಷ ರೂಪಾಯಿ ಖರ್ಚು. ಬೆಂಗಳೂರು ಧಾರವಾಡಗಳ ನಡುವಿನ ಗಾಡಿದಾರಿ ಇದರ ಮೇಲೆ ಹೋಗುತ್ತಿತ್ತು.

ದಾವಣಗೆರೆಯ ಹುಟ್ಟನ್ನೂ ಇಲ್ಲೇ ಹೇಳಿಬಿಡಬಹುದು, ಏಕೆಂದರೆ ಅದು ಚಿಕ್ಕದು. ಹಿಂದೆ ದೊಡ್ಡ ಊರು ಬೇತೂರು. ದಾವಣಗೆರೆ ಅದರ ಮಗ್ಗುಲಿನ ಪುಟ್ಟ ಹಳ್ಳಿ. ಹೈದರ್ ಅಲಿ ಅದನ್ನು ಆಪೋಜಿ ರಾಮ ಎಂಬ ಮರಾಠಾ ಸರದಾರನಿಗೆ ಜಹಗೀರು ಕೊಟ್ಟ. ಆತ ವ್ಯಾಪಾರಿಗಳನ್ನು ಕರೆಸಿ ನೆಲೆಗೊಳಿಸಿದ. ಮಕ್ಕಳಿಲ್ಲದೆ ತೀರಿಕೊಂಡರೂ ಪೇಟೆ ಉಳಿಯಿತು, ಬೆಳೆಯಿತು. ಮಲೆನಾಡಿನ ಅಡಿಕೆ ಮೆಣಸು ಇಲ್ಲಿಂದ ಹಾಯ್ದು ತಮಿಳುನಾಡಿನ ವಾಲಾಜಾಪೇಟೆಯ ತನಕ ಹೋಗುತ್ತಿತ್ತು. ಇಲ್ಲಿನ ನಯವಾದ ಕಂಬಳಿಗಳಿಗೆ ಇನ್ನೂರು ಮುನ್ನೂರು ರೂಪಾಯಿ ಬೆಲೆ ಬರುತ್ತಿದ್ದ ಕಾಲವಿತ್ತು. ಮುಸಲ್ಮಾನ ದೊರೆ, ಮರಾಠಾ ಜಹಗೀರುದಾರ, ಲಿಂಗಾಯತ ವರ್ತಕರು: ಮೂವರೂ ಸೇರಿ ಮಾಡಿದ ಊರು ಇದು. ಹಳೆಯ ಕಲ್ಲು ನೋಡಲೇಬೇಕು ಎನ್ನುವವರಿಗೆ ಪೇಟೆಯ ಅಂಚಿನ ಆನೆಕೊಂಡದಲ್ಲಿ ಚಾಳುಕ್ಯ ಶೈಲಿಯ ಈಶ್ವರ ಗುಡಿಯಿದೆ. ಉಚ್ಚಂಗಿಯ ಪಾಂಡ್ಯ ಅರಸರು ಆನೆ ಕಟ್ಟುತ್ತಿದ್ದ ಜಾಗವಂತೆ.

ಹರಿಹರದಲ್ಲಿ ತುಂಗಭದ್ರೆಯನ್ನು ಸೇರುವ ಪುಟ್ಟ ಹೊಳೆಗೆ ಹರಿದ್ರಾ ಎಂದು ಹೆಸರು. ಅದರ ಜಾಡು ಹಿಡಿದು ದಕ್ಷಿಣಕ್ಕೆ ಹೋದರೆ ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ ಸಿಗುತ್ತದೆ. ಎರಡು ಗುಡ್ಡಗಳ ನಡುವಿನ ಸಂದಿಯಲ್ಲಿ ಹರಿದ್ರೆಗೆ ಅಡ್ಡಲಾಗಿ ಕಟ್ಟಿದ ಏರಿಯ ಉದ್ದ ಸುಮಾರು 950 ಅಡಿ ಮಾತ್ರ. ಅದು ಹಿಡಿದು ನಿಲ್ಲಿಸಿರುವ ನೀರು ಆರು ಸಾವಿರ ಎಕರೆಗೂ ಹೆಚ್ಚು ಹರಡುತ್ತದೆ. ಎಲ್ಲಿ ಕಟ್ಟಿದರೆ ಕಡಿಮೆ ಕಲ್ಲಿಗೆ ಹೆಚ್ಚು ನೀರು ಎಂದು ನೆಲವನ್ನು ಓದಿದ ಕಣ್ಣಿಗೆ ಯಾವ ಇಂಜಿನಿಯರಿಂಗ್ ಕಾಲೇಜೂ ಇರಲಿಲ್ಲ. ಹನ್ನೊಂದು ಹನ್ನೆರಡನೆಯ ಶತಮಾನದ್ದೆಂದು ಹೇಳುತ್ತಾರೆ. ಸಿದ್ಧ, ಬಸವ ಎಂಬ ಎರಡು ತೂಬುಗಳಿಂದ ಬಯಲಿಗೆ ನೀರು ಇಳಿಯುತ್ತದೆ. ಕೆರೆಯ ಹೆಸರನ್ನೇ ಹೊತ್ತ ಕೆರೆಬಿಳಚಿ ಹತ್ತಿರದಲ್ಲೇ ಇದೆ, ಮುಸ್ಲಿಂ ಮನೆಗಳು ಹೆಚ್ಚಿರುವ ಊರು.

ಕೆರೆ ಕಟ್ಟಿಸಿದವಳು ಶಾಂತವ್ವ ಎಂಬ ರಾಜಕುಮಾರಿ ಎಂಬುದು ಐತಿಹ್ಯ. ಮುಳುಗಡೆಯಾದ ಜಾಗದಲ್ಲಿ ತಂದೆಯ ಪಟ್ಟಣವೂ ಇತ್ತಂತೆ. ಸಿಟ್ಟಿಗೆದ್ದ ತಂದೆ ಇದು ಸೂಳೆಯ ಕೆಲಸ ಎಂದು ಶಪಿಸಿದ್ದರಿಂದ ಆ ಹೆಸರು ಬಂತು ಎನ್ನುತ್ತಾರೆ. ಇನ್ನೊಂದು ಕಥೆಯ ಪ್ರಕಾರ ಜಾಗ ಸೂಳೆಯರದಾಗಿತ್ತು, ತಮ್ಮ ಹೆಸರಿಡುವ ಷರತ್ತಿನ ಮೇಲೆ ಅವರು ಬಿಟ್ಟುಕೊಟ್ಟರು. ಎರಡನೆಯ ಕಥೆ ನನಗೆ ಹೆಚ್ಚು ಇಷ್ಟ. ಅದರಲ್ಲಿ ಆ ಹೆಂಗಸರಿಗೆ ಜಮೀನೂ ಇದೆ, ಮಾತೂ ಇದೆ. ಈಗ ಸರ್ಕಾರಿ ಬರಹಗಳಲ್ಲಿ ಶಾಂತಿಸಾಗರ ಎಂದು ಬರೆಯುತ್ತಾರೆ. ಬಸ್ಸಿನ ಕಂಡಕ್ಟರ್ ಸೂಳೆಕೆರೆ ಎಂದೇ ಕೂಗುತ್ತಾನೆ.

ಇನ್ನು ಸಂತೆಬೆನ್ನೂರು. ದಾವಣಗೆರೆಯಿಂದ ಚನ್ನಗಿರಿ ರಸ್ತೆಯಲ್ಲಿ ಒಂದು ಗಂಟೆಯ ದಾರಿ. ಊರಿನ ನಡುವೆ ನಾಲ್ಕೂ ಕಡೆ ಮೆಟ್ಟಿಲಿಳಿಸಿದ ವಿಶಾಲವಾದ ಹೊಂಡ, ನೀರಿನ ಮಧ್ಯೆ ವಸಂತಮಂಟಪ, ಸುತ್ತ ಪುಟ್ಟ ಮಂಟಪಗಳು. ಹೊಂಡದ ಒಂದು ಬದಿಗೆ ಸಾಲುಗಮಾನಿನ ದೊಡ್ಡ ಕಟ್ಟಡ, ಹೆಸರು ಮುಸಾಫಿರ್ ಖಾನಾ. ಎರಡೂ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿವೆ. ನಾನು ಹೋಗಿದ್ದ ಒಂದು ದಿನ ಶಾಲಾ ಮಕ್ಕಳ ಗುಂಪೊಂದು ಬಂದಿತ್ತು. ಮೇಷ್ಟ್ರು ಹೊಂಡ ತೋರಿಸಿ ‘ಇದನ್ನ ಹನುಮಪ್ಪ ನಾಯಕ ಕಟ್ಟಿಸಿದ’ ಎಂದರು. ಕಮಾನಿನ ಕಟ್ಟಡ ತೋರಿಸಿ ‘ಇಲ್ಲಿ ರಂಗನಾಥನ ಗುಡಿ ಇತ್ತು, ಸಾಬರು ಬಂದು ಒಡೆದರು’ ಎಂದರು. ಮಕ್ಕಳು ಬರೆದುಕೊಂಡರು. ತಲೆಗೆ ದುಪಟ್ಟಾ ಹೊದ್ದ ಹುಡುಗಿಯೂ ಬರೆದುಕೊಂಡಳು. ಮೇಷ್ಟ್ರು ಕೆಟ್ಟ ಮನುಷ್ಯರೇನಲ್ಲ, ಮಕ್ಕಳಿಗೆಲ್ಲ ಕಡಲೆ ಮಿಠಾಯಿ ಕೊಡಿಸಿ ಕರೆದುಕೊಂಡು ಹೋದರು.

ಅವರು ಹೇಳಿದ್ದು ಸುಳ್ಳೇ? ಅಲ್ಲ. ಬಿಜಾಪುರದ ಸೇನಾಪತಿ ರಣದುಲ್ಲಾ ಖಾನ್ ಗುಡಿಯನ್ನು ಒಡೆದು ಅದರ ಜಾಗದಲ್ಲಿ ಮಸೀದಿ ಕಟ್ಟಿದನೆಂದು ರೈಸ್ ಬರೆಯುತ್ತಾರೆ. ಒಡೆದದ್ದನ್ನು ಒಡೆದದ್ದು ಎಂದೇ ಹೇಳಬೇಕು. ಅದನ್ನು ತೇಲಿಸುವ ನಮ್ಮವರ ಚಾಳಿಯಿಂದ ನಮಗೇ ನಷ್ಟ. ಆದರೆ ಅದೇ ಪುಟದಲ್ಲಿ ಇನ್ನೂ ಇದೆ. ಗುಡಿ ಕಳೆದುಕೊಂಡ ನಾಯಕ ಕಾಲ್ದುರ್ಗದಿಂದ ದಂಡು ಕಟ್ಟಿಕೊಂಡು ಬಂದು ಬಿಜಾಪುರದ ಅಧಿಕಾರಿಯನ್ನು ಕೊಂದ, ಮಸೀದಿಯನ್ನು ಅಪವಿತ್ರಗೊಳಿಸಿದ. ಅಂದಿನಿಂದ ಅಲ್ಲಿ ನಮಾಜು ನಡೆಯಲಿಲ್ಲ ಎಂಬ ಕಥೆ. ಅಂದರೆ ಗುಡಿಯೂ ಹೋಯಿತು, ಮಸೀದಿಯೂ ಆಗಲಿಲ್ಲ. ಉಳಿದದ್ದು ಮುಸಾಫಿರ್ ಖಾನಾ, ದಾರಿಹೋಕರ ತಂಗುಮನೆ. ಸಫರ್ ಮಾಡುವವನು ಮುಸಾಫಿರ್; ನಮ್ಮಲ್ಲಿ ಅವನಿಗೆ ನಮಾಜಿನಲ್ಲೂ ರಿಯಾಯಿತಿ ಇದೆ, ನಾಲ್ಕು ರಕಅತ್ ಇದ್ದಲ್ಲಿ ಎರಡು. ಜಗಳದ ಕಟ್ಟಡಕ್ಕೆ ಜನ ಇಂಥ ಹೆಸರಿಟ್ಟು ಅದರ ಪಾಡಿಗೆ ಅದನ್ನು ಬಿಟ್ಟಿದ್ದಾರೆ.

ರಣದುಲ್ಲಾ ಖಾನ್ ಇಷ್ಟು ದೂರ ಬಂದದ್ದಾದರೂ ಹೇಗೆ? ಇದಕ್ಕೆ ಬಿಜಾಪುರದ ಮುಹಮ್ಮದ್ ಆದಿಲ್ ಶಾಹನ ಕಾಲದ ಪಾರಸಿ ಚರಿತ್ರೆ ‘ಮುಹಮ್ಮದ್ ನಾಮಾ’ದಲ್ಲಿ ಉತ್ತರವಿದೆ, ಇತಿಹಾಸಕಾರ ಜದುನಾಥ ಸರ್ಕಾರ್ ಅದನ್ನು ಬಳಸಿಕೊಂಡಿದ್ದಾರೆ. ಬಸವಾಪಟ್ಟಣದ ಕೆಂಗ ನಾಯಕನಿಗೂ ಇಕ್ಕೇರಿಯ ವೀರಭದ್ರ ನಾಯಕನಿಗೂ ವೈರ. ಸಂತೆಬೆನ್ನೂರು, ಬಸವಾಪಟ್ಟಣ ಎರಡೂ ಒಂದೇ ಪಾಳೆಯಗಾರ ಮನೆತನದ ಊರುಗಳು. ವೈರಿಯನ್ನು ಮುಗಿಸಲು ಕೆಂಗ ನಾಯಕ ಬಿಜಾಪುರದವರ ಜೊತೆ ಸೇರಿ ದಾರಿ ತೋರಿಸಿದ. 1637ರ ಕೊನೆಗೆ ಇಕ್ಕೇರಿ ಬಿತ್ತು. ಮರುವರ್ಷ ಅದೇ ದಂಡು ಬೆಂಗಳೂರನ್ನು ಕೆಂಪೇಗೌಡನ ವಂಶದವನಿಂದ ಕಿತ್ತುಕೊಂಡಿತು. ರಣದುಲ್ಲಾ ಖಾನನ ನಂತರದ ಸ್ಥಾನದಲ್ಲಿ ಆ ಸೈನ್ಯದಲ್ಲಿ ಬಂದವನು ಶಹಾಜಿ ಭೋಸಲೆ, ಶಿವಾಜಿಯ ತಂದೆ. ಬೆಂಗಳೂರು ಅವನಿಗೇ ಜಹಗೀರಾಯಿತು. ಆಮೇಲೆ ಕೆಂಗ ನಾಯಕ ಬಿಜಾಪುರದ ವಿರುದ್ಧ ದಂಗೆ ಎದ್ದ. ಬಸವಾಪಟ್ಟಣದ ಕೋಟೆಗೆ ಮುತ್ತಿಗೆ ಬಿತ್ತು, ಸೋತ. ಬಂದದ್ದು ‘ಸಾಬರ’ ದಂಡು ಎನ್ನುವುದಾದರೆ ಅದರ ಎರಡನೆಯ ಸರದಾರ ಮರಾಠ, ಅದಕ್ಕೆ ಬಾಗಿಲು ತೆರೆದವನು ಸ್ಥಳೀಯ ನಾಯಕ.

ಇದರಿಂದ ಗುಡಿ ಒಡೆದದ್ದು ಸರಿಯಾಗುವುದಿಲ್ಲ. ಅದು ಯಾವ ಬಗೆಯ ಕೆಲಸ ಎಂಬುದು ಮಾತ್ರ ತಿಳಿಯುತ್ತದೆ. ನಾಯಕನ ಅರಮನೆಯ ಪಕ್ಕದಲ್ಲಿ ನಾಯಕನೇ ಕಟ್ಟಿಸಿದ ಗುಡಿ ಅವನ ಅಧಿಕಾರದ ಗುರುತು. ಅರಸನನ್ನು ಬಗ್ಗಿಸಬೇಕಾದವರು ಅವನ ಗುರುತನ್ನು ಒಡೆಯುತ್ತಿದ್ದರು. 1791ರಲ್ಲಿ ಶೃಂಗೇರಿ ಮಠವನ್ನು ಲೂಟಿ ಮಾಡಿದ್ದು ಮರಾಠರ ಸೈನ್ಯ, ಮೂರ್ತಿಯನ್ನು ಮತ್ತೆ ಪ್ರತಿಷ್ಠಾಪಿಸಲು ಹಣ ಕಳಿಸಿದ್ದು ಟಿಪ್ಪು ಸುಲ್ತಾನ್. ಹರಿಹರದ ಶೇರ್ ಖಾನನಿಗೆ ಊರಿನ ವರಮಾನ ಬೇಕಿತ್ತು, ಬಗ್ಗಿಸಬೇಕಾದ ಅರಸ ಆ ಗುಡಿಯ ಹಿಂದೆ ಇರಲಿಲ್ಲ. ಅದಕ್ಕೇ ಮಾಳಿಗೆಯಷ್ಟಕ್ಕೇ ತೃಪ್ತನಾದ ಎಂದು ನನ್ನ ಊಹೆ. ಒಂದೇ ಹೊಳೆಯ ಸೀಮೆಯ ಎರಡು ಊರುಗಳಲ್ಲಿ ಒಂದೇ ಧರ್ಮದ ಇಬ್ಬರು ಸರದಾರರು ನಡೆದುಕೊಂಡ ರೀತಿ ಹೀಗೆ ಬೇರೆ ಬೇರೆ.

ಮೇಷ್ಟ್ರು ತೋರಿಸದೆ ಬಿಟ್ಟದ್ದು ಇನ್ನೊಂದು. ಹೊಂಡದ ನಡುವಿನ ವಸಂತಮಂಟಪವನ್ನು ಸಾವಧಾನವಾಗಿ ನೋಡಬೇಕು. ಮೇಲೆ ಹಂತಹಂತವಾಗಿ ಏರುವ ಗೋಪುರ, ಕೆಳಗೆ ಕಮಾನು. ಆ ಕಮಾನು ಬಿಜಾಪುರ, ಗುಲ್ಬರ್ಗಗಳ ಕಮಾನಿನ ಬಂಧು, ಹಂಪಿಯ ಕಮಲ ಮಹಲಿನಲ್ಲಿ ಕಾಣುವಂಥದ್ದು. ಹೊಂಡ ಹದಿನಾರನೆಯ ಶತಮಾನದ್ದು, ನಾಯಕರು ಕಟ್ಟಿಸಿದ್ದು. ಅಂದರೆ ರಣದುಲ್ಲಾ ಖಾನನ ಕುದುರೆಗಳು ಬರುವ ಮೊದಲೇ ಕಮಾನು ಇಲ್ಲಿಗೆ ಬಂದಾಗಿತ್ತು, ಗಾರೆ ಕೆಲಸದವರ ಕೈ ಹಿಡಿದು. ನಾಯಕನಿಗೆ ಅದು ಸಾಬರದೆಂದು ಅನಿಸಲಿಲ್ಲ, ಚೆಂದವೆನಿಸಿತು, ಕಟ್ಟಿಸಿದ. ಲೆ ಪುಯಿಯ ಬಡಗಿ ಕೂಫೀ ಅಕ್ಷರ ಕೆತ್ತಿದ ಹಾಗೆ.

ಹೊಂಡ ಕಟ್ಟಿಸಿದ ಹನುಮಪ್ಪ ನಾಯಕನೇ 1637ರ ನಂತರ ಬಂದು ಸೇಡು ತೀರಿಸಿಕೊಂಡನೆಂದು ಜನ ಹೇಳುತ್ತಾರೆ. ವರ್ಷಗಳ ಲೆಕ್ಕ ಹಾಕಿದರೆ ಒಬ್ಬನೇ ಆಗಿರುವುದು ಕಷ್ಟ. ಆ ಮನೆತನದಲ್ಲಿ ಹನುಮಪ್ಪ ಎಂಬ ಹೆಸರು ತಲೆತಲಾಂತರದಿಂದ ಬರುತ್ತಿತ್ತು. ಅಜ್ಜ ಮೊಮ್ಮಕ್ಕಳ ಕಥೆಗಳು ಒಬ್ಬನ ತಲೆಗೆ ಕಟ್ಟಿಕೊಂಡಿರಬೇಕು. ಮನೆತನ ಮುಂದೆ ತರೀಕೆರೆಯಲ್ಲಿ ನೆಲೆಸಿತು. ಅದರ ಕೊನೆಯವರಲ್ಲಿ ಒಬ್ಬನಾದ ಸರ್ಜಾ ಹನುಮಪ್ಪ ನಾಯಕ 1830ರ ನಗರ ದಂಗೆಯಲ್ಲಿ ರೈತರ ಜೊತೆ ನಿಂತ. 1834ರಲ್ಲಿ ಅವನನ್ನು ಹಿಡಿದು ಗಲ್ಲಿಗೆ ಹಾಕಿದರು. ಈ ಸಲ ಹಾಕಿದವರು ಇಂಗ್ಲಿಷರು.